ನಿಧಿ ಸಂಖ್ಯೆ ಬಂದರೆ ಹೋಂಸ್ಟೇ ಸಕ್ರಮವಾಯಿತೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟವಿದೆ. ತೋಟದ ಹಳೆಯ ಮನೆಯಲ್ಲಿ ನಾನೂ ನನ್ನ ಪತ್ನಿಯೂ ವಾಸವಾಗಿದ್ದು, ಖಾಲಿ ಇರುವ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಬೇಕೆಂದಿದ್ದೇವೆ. ಕೇಂದ್ರ ಸರ್ಕಾರದ ‘ನಿಧಿ’ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸಾಕು, ಪಂಚಾಯಿತಿ, ಪೊಲೀಸ್ ಠಾಣೆ ಎಂದು ಅಲೆಯಬೇಕಾಗಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಜಾಗ ಜಮ್ಮಾ ಬಾಣೆಯದು, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಂಟಿ ಭೂಮಿ; ಪಹಣಿಯಲ್ಲಿ ತೀರಿಹೋದ ಪಟ್ಟೇದಾರರ (ಕುಟುಂಬದ ಯಜಮಾನರ) ಹೆಸರಿನ ಜೊತೆಗೆ ಕುಟುಂಬದ ಇನ್ನೂ ಹಲವರ ಹೆಸರುಗಳಿವೆ. ನನ್ನೊಬ್ಬನ ಹೆಸರಿನಲ್ಲಿ ನೋಂದಣಿ ಸಾಧ್ಯವೇ? — ಓದುಗರು, ಕೊಡಗು

ಉತ್ತರ: ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ನಿಜವಿದೆ, ಆದರೆ ತೊಂದರೆ ಇರುವುದು ಉಳಿದ ಅರ್ಧದಲ್ಲಿ. ‘ನಿಧಿ’ ಎಂಬುದು ನ್ಯಾಷನಲ್ ಇಂಟಿಗ್ರೇಟೆಡ್ ಡೇಟಾಬೇಸ್ ಆಫ್ ಹಾಸ್ಪಿಟಾಲಿಟಿ ಇಂಡಸ್ಟ್ರಿ ಎಂಬ ಹೆಸರಿನ ಹ್ರಸ್ವರೂಪ. ದೇಶದಲ್ಲಿ ಪ್ರವಾಸಿಗರಿಗೆ ತಂಗಲು ಎಲ್ಲೆಲ್ಲಿ ಎಷ್ಟು ಕೋಣೆಗಳಿವೆ ಎಂಬ ಲೆಕ್ಕವನ್ನು ಒಂದೆಡೆ ಇಟ್ಟುಕೊಳ್ಳಲು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ನಡೆಸುತ್ತಿರುವ ದಾಖಲೆ ಪುಸ್ತಕ ಅದು. ಐಷಾರಾಮಿ ಹೋಟೆಲಿನಿಂದ ಹಿಡಿದು ಎರಡು ಕೋಣೆಯ ಹೋಂಸ್ಟೇವರೆಗೆ ಯಾರು ಬೇಕಾದರೂ ಅದರಲ್ಲಿ ತಮ್ಮ ವಿವರ ದಾಖಲಿಸಬಹುದು. ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆದು, ಮನೆಯ ಹೆಸರು, ವಿಳಾಸ, ಕೋಣೆಗಳ ಸಂಖ್ಯೆ, ಮಾಲೀಕರ ವಿವರ ಮುಂತಾದವನ್ನು ತುಂಬಿದ ಮೇಲೆ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಅದು ಗುರುತಿನ ಸಂಖ್ಯೆಯೇ ಹೊರತು ಪರವಾನಗಿ ಅಲ್ಲ. ನಿಮ್ಮ ಮನೆ ಇಂಥ ಊರಿನಲ್ಲಿದೆ ಎಂದು ನೀವು ಹೇಳಿಕೊಂಡದ್ದನ್ನು ಸರ್ಕಾರ ಬರೆದುಕೊಂಡಿದೆ ಎಂಬುದಷ್ಟೇ ಅದರ ಅರ್ಥ; ಅಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಲು ಅನುಮತಿ ಕೊಟ್ಟಿದೆ ಎಂದಲ್ಲ.

ಹಾಗಾದರೆ ಅದರಿಂದ ಪ್ರಯೋಜನವೇನು ಎಂದು ಕೇಳಬಹುದು. ಕೇಂದ್ರ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್/ಹೋಂಸ್ಟೇ’ ಯೋಜನೆಯಲ್ಲಿ ‘ಸಿಲ್ವರ್’ ಅಥವಾ ‘ಗೋಲ್ಡ್’ ದರ್ಜೆ ಪಡೆಯಬೇಕಾದರೆ ಅರ್ಜಿ ಈ ಜಾಲತಾಣದ ಮೂಲಕವೇ ಹೋಗಬೇಕು. ಆ ಯೋಜನೆಯ ಮುಖ್ಯ ಷರತ್ತುಗಳೆಂದರೆ, ಮಾಲೀಕರು ಅಥವಾ ಅವರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು ಮತ್ತು ಬಾಡಿಗೆಗೆ ಕೊಡುವ ಕೋಣೆಗಳು ಕನಿಷ್ಠ 1, ಗರಿಷ್ಠ 6, ಹಾಸಿಗೆಗಳು 12 ಮೀರದಂತೆ ಇರಬೇಕು. ನೀವು ದಂಪತಿ ಅಲ್ಲೇ ಇರುವುದರಿಂದಲೂ ಕೋಣೆಗಳು ಮೂರೇ ಆಗಿರುವುದರಿಂದಲೂ ಈ ಎರಡರಲ್ಲಿ ನಿಮಗೆ ಅಡ್ಡಿ ಕಾಣುವುದಿಲ್ಲ. 2025ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೂ ಮುದ್ರಾ ಸಾಲ ಕೊಡುವುದಾಗಿ ಘೋಷಣೆಯಾದ ಮೇಲೆ, ಶೌಚಾಲಯ ದುರಸ್ತಿಗೋ ಹೆಂಚು ಬದಲಿಸುವುದಕ್ಕೋ ಬ್ಯಾಂಕಿಗೆ ಹೋಗುವವರಿಗೆ ಇಂಥ ನೋಂದಣಿಯ ಕಾಗದ ಕೈಯಲ್ಲಿರುವುದು ಒಳ್ಳೆಯದೇ.

ಆದರೆ ರಾಜ್ಯದ ಕಡೆಯ ಕೆಲಸ ಬೇರೆಯೇ ಇದೆ. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹೋಂಸ್ಟೇ ನೋಂದಣಿ, ಗ್ರಾಮ ಪಂಚಾಯಿತಿಯ ಅನುಮತಿ, ಪೊಲೀಸ್ ಠಾಣೆಯ ನಿರಾಕ್ಷೇಪಣೆ ಪತ್ರ, ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಇವು ಯಾವುವೂ ‘ನಿಧಿ’ ಸಂಖ್ಯೆ ಬಂದೊಡನೆ ಮಾಫಿಯಾಗುವುದಿಲ್ಲ. ಅಲೆದಾಟ ತಪ್ಪಿಸುವ ಸಲಹೆ ಕೊಡುವ ಪರಿಚಿತರು ನೋಟಿಸು ಬಂದ ದಿನ ಸಾಮಾನ್ಯವಾಗಿ ಊರಿನಲ್ಲಿರುವುದಿಲ್ಲ ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಜಮ್ಮಾ ಬಾಣೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಆಸ್ತಿಯ ಒಡೆತನ ಯಾರದೆಂದು ತೀರ್ಮಾನಿಸುವ ಕೆಲಸವನ್ನು ‘ನಿಧಿ’ ಮಾಡುವುದಿಲ್ಲವಾದ್ದರಿಂದ ನಿಮ್ಮೊಬ್ಬರ ಹೆಸರನ್ನು ತುಂಬಿದರೂ ಸಂಖ್ಯೆ ಬಂದೀತು. ಹಾಗೆ ಬಂದ ಸಂಖ್ಯೆಯಿಂದ ಕುಟುಂಬದ ಉಳಿದವರ ಹಕ್ಕು ಒಂದು ಎಳೆಯಷ್ಟೂ ಕಡಿಮೆಯಾಗುವುದಿಲ್ಲ, ನಿಮ್ಮ ಹಕ್ಕು ಹೆಚ್ಚುವುದೂ ಇಲ್ಲ. ಜಿಲ್ಲಾ ಕಚೇರಿಯಲ್ಲಿ ಅಥವಾ ಬ್ಯಾಂಕಿನಲ್ಲಿ ಪಹಣಿ ಕೇಳಿದಾಗ ಈ ಪ್ರಶ್ನೆ ಎದ್ದೇ ಏಳುತ್ತದೆ. ಆದ್ದರಿಂದ ಮೊದಲು ಪಹಣಿಯಲ್ಲಿ ಹೆಸರಿರುವ ಎಲ್ಲರಿಂದ, ಮೃತರಾದವರ ಪರವಾಗಿ ಅವರ ವಾರಸುದಾರರಿಂದ, ಈ ಮನೆಯ ಇಂತಿಷ್ಟು ಕೋಣೆಗಳನ್ನು ನೀವು ಹೋಂಸ್ಟೇಯಾಗಿ ನಡೆಸಲು ತಮ್ಮ ಒಪ್ಪಿಗೆ ಇದೆಯೆಂದು ನೋಟರಿ ಮುಂದೆ ಬರೆಸಿಕೊಳ್ಳಿ. ಆದಾಯದಲ್ಲಿ ಪಾಲು ಕೊಡುವುದಾದರೆ ಅದನ್ನೂ ಅದರಲ್ಲೇ ನಮೂದಿಸಿ. ಪುತ್ತರಿ ಹಬ್ಬಕ್ಕೆ ಎಲ್ಲರೂ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಬಂದಾಗ ಬಾಯಿಮಾತಿನಲ್ಲಿ ಒಪ್ಪಿದ್ದರು ಎಂಬುದು ಮುಂದೊಂದು ದಿನ ಕಚೇರಿಯ ಮೇಜಿನ ಮೇಲೆ ನಿಲ್ಲುವುದಿಲ್ಲ.

ಇರುವ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವುದು ಒಂದು ಮಾತು. ತೋಟದ ಅಂಚಿನಲ್ಲಿ ಹೊಸ ಕಾಟೇಜುಗಳನ್ನು ಕಟ್ಟುವುದು ಬೇರೆಯೇ ಮಾತು. ಎರಡನೆಯದಕ್ಕೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಜಾಗದ ಕಾನೂನು ಸರಿಯಿಲ್ಲದಿದ್ದರೆ ವ್ಯಾಪಾರ ಎಷ್ಟು ಚೆನ್ನಾಗಿ ನಡೆಯುತ್ತಿದ್ದರೂ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆಯಲ್ಲಿ ದೇಶವಿದೇಶಗಳ ಪ್ರವಾಸಿಗರಿಗೆ ವರ್ಷಗಟ್ಟಲೆ ಆತಿಥ್ಯ ಕೊಟ್ಟಿದ್ದ ಕಟ್ಟಡಗಳು 1988ರಲ್ಲಿ ಸಂರಕ್ಷಿತವೆಂದು ಅಧಿಸೂಚಿತವಾದ ಪ್ರದೇಶದಲ್ಲಿದ್ದವು. ಅವುಗಳ ತೆರವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅವು ನೆಲಸಮವಾದವು.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನನ್ನದೊಂದು ಎರಡು ಮಲಗುವ ಕೋಣೆಯ ಫ್ಲ್ಯಾಟ್ ಖಾಲಿ ಇದೆ. ಅದನ್ನು ‘ನಿಧಿ’ಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಿ, ಕೆಲಸದವರೊಬ್ಬರ ಮೂಲಕ ದಿನಬಾಡಿಗೆಗೆ ಕೊಡಿಸಬಹುದೇ? — ಓದುಗರು, ಡಲ್ಲಾಸ್

ಉತ್ತರ: ಹೋಂಸ್ಟೇ ಎಂದು ಖಂಡಿತ ಆಗದು. ಆ ಪದದ ಜೀವವೇ ಮನೆಯವರು ಮನೆಯಲ್ಲಿರುವುದರಲ್ಲಿದೆ. ಮಾಲೀಕರು ಸಾಗರದಾಚೆ ಇದ್ದು, ಬೀಗದ ಕೈ ಕಾವಲುಗಾರನ ಬಳಿ ಇದ್ದರೆ ಅದನ್ನು ಯಾವ ಇಲಾಖೆಯೂ ಹೋಂಸ್ಟೇ ಎಂದು ಕರೆಯುವುದಿಲ್ಲ. ಅತಿಥಿಗೃಹ, ಅಪಾರ್ಟ್‌ಮೆಂಟ್ ಹೋಟೆಲ್ ಮುಂತಾದ ಬೇರೆ ವರ್ಗಗಳು ಇವೆಯಾದರೂ ಅವುಗಳ ಷರತ್ತುಗಳು ವಾಣಿಜ್ಯ ಉದ್ಯಮಕ್ಕೆ ಹೊಂದುವಂಥವು. ಅದಕ್ಕಿಂತ ಮೊದಲು ನಿಮ್ಮ ಅಪಾರ್ಟ್‌ಮೆಂಟಿನ ಘೋಷಣಾ ಪತ್ರವನ್ನೂ ಸಂಘದ ಬೈಲಾವನ್ನೂ ತರಿಸಿ ಓದಿ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಅಡಿಯಲ್ಲಿ ನೋಂದಣಿಯಾದ ಕಟ್ಟಡವಾಗಿದ್ದರೆ ಆ ಬೈಲಾಗಳು ಪ್ರತಿ ಮಾಲೀಕರಿಗೂ ಅನ್ವಯಿಸುತ್ತವೆ, ಮತ್ತು ಫ್ಲ್ಯಾಟುಗಳನ್ನು ವಾಸಕ್ಕೆ ಮಾತ್ರ ಬಳಸಬೇಕೆಂಬ ಷರತ್ತು ಅವುಗಳಲ್ಲಿ ಸರ್ವೇಸಾಮಾನ್ಯ. ನನ್ನ ಅಭಿಪ್ರಾಯ ಕೇಳುವುದಾದರೆ, ಹನ್ನೊಂದು ತಿಂಗಳ ಕರಾರಿನಲ್ಲಿ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಡಿ. ನಿದ್ದೆಯಾದರೂ ನೆಮ್ಮದಿಯಾಗಿ ಬರುತ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ನಮ್ಮ ಮನೆಯ ಮೂರು ಕೋಣೆಗಳನ್ನು ದಿನಕ್ಕೆ ತಲಾ 3,000 ರೂಪಾಯಿಯಂತೆ ಕೊಡುತ್ತೇವೆ. ‘ನಿಧಿ’ಯಲ್ಲಿ ಸೇರಿದರೆ ಜಿಎಸ್‌ಟಿ ಕಟ್ಟಬೇಕಾಗುತ್ತದೆಂದು ಹೆದರಿಸುತ್ತಿದ್ದಾರೆ. ವಿದೇಶಿ ಅತಿಥಿಗಳ ವಿವರ ಪೊಲೀಸರಿಗೆ ಕೊಡುವುದು ಆಮೇಲೂ ತಪ್ಪುವುದಿಲ್ಲವೇ? — ಓದುಗರು, ಉತ್ತರ ಕನ್ನಡ

ಉತ್ತರ: ನೋಂದಣಿಗೂ ಜಿಎಸ್‌ಟಿಗೂ ಸಂಬಂಧವಿಲ್ಲ, ಜಿಎಸ್‌ಟಿ ನೋಡುವುದು ವಹಿವಾಟನ್ನು. ಕರ್ನಾಟಕದಲ್ಲಿ ಸೇವೆ ಒದಗಿಸುವವರಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಿಮ್ಮ ಮೂರೂ ಕೋಣೆಗಳು ವರ್ಷದಲ್ಲಿ 120 ದಿನ ತುಂಬಿದವೆಂದು ಇಟ್ಟುಕೊಂಡರೆ ಒಟ್ಟು 10,80,000 ರೂಪಾಯಿ ಆಗುತ್ತದೆ. ಆದರೆ ಅದೇ ಪ್ಯಾನ್ ಸಂಖ್ಯೆಯಲ್ಲಿ ಅಂಗಡಿ ಬಾಡಿಗೆಯಂಥ ಬೇರೆ ವಹಿವಾಟಿದ್ದರೆ ಅದನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಆನ್‌ಲೈನ್ ಬುಕಿಂಗ್ ಕಂಪನಿಯ ಮೂಲಕ ಬಂದ ಅತಿಥಿಯಾದರೆ, ನೀವು ಮಿತಿಯೊಳಗಿದ್ದರೂ ತೆರಿಗೆ ಕಟ್ಟುವ ಹೊಣೆ ಆ ಕಂಪನಿಯದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ದರ ಶೇ 5, ಅಂದರೆ ನಿಮ್ಮ ಕೋಣೆಗೆ 150 ರೂಪಾಯಿ.

ವಿದೇಶಿಯರ ವಿವರ ಕೊಡುವುದು ಯಾವ ಕಾರಣಕ್ಕೂ ತಪ್ಪುವುದಿಲ್ಲ. ಜನ ‘ಸಿ ಫಾರ್ಮ್’ ಎಂದು ಕರೆಯುತ್ತ ಬಂದಿರುವ ಈ ಮಾಹಿತಿಯನ್ನು ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು, ಮತ್ತು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ತಂಗಲು ಜಾಗ ಕೊಡುವವರ ಮೇಲೆ ಈ ಹೊಣೆಯನ್ನು ಮುಂದುವರಿಸಿದೆ. ಒಂದೇ ಕೋಣೆ ಇರಲಿ, ಒಂದೇ ರಾತ್ರಿ ಇರಲಿ, ಅತಿಥಿ ನಿಮ್ಮ ಹಳೆಯ ಸ್ನೇಹಿತರೇ ಆಗಿರಲಿ, ವಿನಾಯಿತಿ ಇದೆಯೆಂದು ನೀವಾಗಿ ಭಾವಿಸಿಕೊಳ್ಳಬೇಡಿ.

ಪ್ರಶ್ನೆ: ಕಾರ್ಕಳದವಳಾದ ನಾನು ಹತ್ತು ವರ್ಷಗಳಿಂದ ಇಟಲಿಯ ಟೊರಿನೊ ನಗರದಲ್ಲಿದ್ದು, ಅಲ್ಲೇ ಒಂದು ಚಿಕ್ಕ ಫ್ಲ್ಯಾಟ್ ಕೊಂಡಿದ್ದೇನೆ. ಪ್ರತಿ ವರ್ಷ ಎರಡು ತಿಂಗಳು ಊರಿಗೆ ಬರುವಾಗ ಅದನ್ನು ಪ್ರವಾಸಿಗರಿಗೆ ಕೊಡಬೇಕೆಂದಿದ್ದೇನೆ. ಎರಡೇ ತಿಂಗಳಿಗೂ ರಾಷ್ಟ್ರೀಯ ಸಂಖ್ಯೆ ಬೇಕೆಂದು ಬುಕಿಂಗ್ ಜಾಲತಾಣ ಕೇಳುತ್ತಿದೆ. — ಓದುಗರು, ಟೊರಿನೊ

ಉತ್ತರ: ಕೇಳುವುದು ಸರಿಯಾಗಿಯೇ ಇದೆ. ಅಲ್ಲಿಯ ಪದ್ಧತಿ ನಮ್ಮ ‘ನಿಧಿ’ಗೆ ತದ್ವಿರುದ್ಧ, ಇಲ್ಲಿ ಸಂಖ್ಯೆ ಐಚ್ಛಿಕ, ಅಲ್ಲಿ ಸಂಖ್ಯೆಯಿಲ್ಲದೆ ಜಾಹೀರಾತು ಹಾಕುವುದೇ ಅಪರಾಧ. 2023ರ 145ನೇ ತುರ್ತು ಶಾಸನವನ್ನು ಅದೇ ಡಿಸೆಂಬರಿನಲ್ಲಿ 191ನೇ ಕಾನೂನಾಗಿ ಅಂಗೀಕರಿಸಿದಾಗ ಇಟಲಿ ‘ಚಿನ್’ ಎಂಬ ರಾಷ್ಟ್ರೀಯ ಗುರುತಿನ ಸಂಕೇತವನ್ನು ತಂದಿತು. ಅದನ್ನು ಕೊಡುವುದು ಅಲ್ಲಿನ ಪ್ರವಾಸೋದ್ಯಮ ಸಚಿವಾಲಯದ ದತ್ತಸಂಚಯ. ಅದು 2024ರ ಸೆಪ್ಟೆಂಬರಿನಿಂದ ದೇಶವಿಡೀ ಕೆಲಸ ಮಾಡುತ್ತಿದ್ದು, 2025ರ ಜನವರಿ 1ರಿಂದ ಸಂಖ್ಯೆ ಪಡೆಯುವುದು ಕಡ್ಡಾಯವಾಗಿದೆ. 30 ದಿನ ಮೀರದ ಪ್ರವಾಸಿ ಬಾಡಿಗೆಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ; ವರ್ಷಕ್ಕೆ ಎರಡು ತಿಂಗಳು ಮಾತ್ರ ಕೊಡುತ್ತೇನೆ ಎಂಬುದಕ್ಕೆ ರಿಯಾಯಿತಿಯಿಲ್ಲ.

ಕ್ರಮ ಹೀಗೆ: ಮೊದಲು ನಿಮ್ಮ ನಗರಸಭೆ ಮತ್ತು ಪ್ರಾಂತ್ಯದ ಕಡೆ ಬಾಡಿಗೆಯ ವಿಚಾರವನ್ನು ತಿಳಿಸಿ ದಾಖಲಿಸಬೇಕು. ಅಲ್ಲಿನ ವಿವರ ರಾಷ್ಟ್ರೀಯ ದತ್ತಸಂಚಯಕ್ಕೆ ಹೋದ ಮೇಲೆ, ನೀವು ‘ಸ್ಪಿಡ್’ ಎಂಬ ಡಿಜಿಟಲ್ ಗುರುತಿನಿಂದ ಅಥವಾ ಎಲೆಕ್ಟ್ರಾನಿಕ್ ಗುರುತಿನ ಚೀಟಿಯಿಂದ ಒಳಗೆ ಹೋಗಿ, ಮನೆಯ ಭೂದಾಖಲೆಯ ವಿವರಗಳನ್ನು ತುಂಬಿ, ಸುರಕ್ಷತಾ ಸಾಧನಗಳಿವೆ ಎಂದು ಘೋಷಿಸಿದರೆ ‘ಐಟಿ’ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಸಿಗುತ್ತದೆ. ಅದನ್ನು ಪ್ರತಿ ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಕಾಣುವಂತೆ ಹಾಕಬೇಕು. ಸಂಖ್ಯೆಯೇ ಇಲ್ಲದಿದ್ದರೆ 800ರಿಂದ 8,000 ಯೂರೊ, ಇದ್ದೂ ಪ್ರದರ್ಶಿಸದಿದ್ದರೆ 500ರಿಂದ 5,000 ಯೂರೊ ದಂಡ. ಸುರಕ್ಷತಾ ಸಾಧನವೆಂದರೆ ಅನಿಲ ಸೋರಿಕೆಯನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಪತ್ತೆಮಾಡುವ ಉಪಕರಣಗಳು ಮತ್ತು ಪ್ರತಿ 200 ಚದರ ಮೀಟರಿಗೆ ಒಂದರಂತೆ ಅಗ್ನಿಶಾಮಕ ಸಿಲಿಂಡರು; ನಿಮ್ಮ ಫ್ಲ್ಯಾಟಿಗೆ ಒಂದು ಸಾಕು. ಅಲ್ಪಾವಧಿ ಬಾಡಿಗೆಗಳ ಕುರಿತ ಐರೋಪ್ಯ ಒಕ್ಕೂಟದ 2024/1028ನೇ ನಿಯಮ 2026ರ ಮೇ 20ರಿಂದ ಅನ್ವಯವಾಗುವುದರಿಂದ ಬುಕಿಂಗ್ ಜಾಲತಾಣಗಳು ಈ ವಿಷಯದಲ್ಲಿ ಮತ್ತಷ್ಟು ಕಟ್ಟುನಿಟ್ಟಾಗುತ್ತವೆಯೇ ಹೊರತು ಸಡಿಲವಾಗುವುದಿಲ್ಲ.

ತೆರಿಗೆಯ ಭಾಗ ಸರಳ: ಒಂದೇ ಫ್ಲ್ಯಾಟ್ ಆದ್ದರಿಂದ ಶೇ 21ರ ಏಕದರವನ್ನು ಆರಿಸಿಕೊಳ್ಳಬಹುದು.

ನಿಮಗೆ ನಿಜವಾದ ತೊಡಕು ಇರುವುದು ಬೇರೆಡೆ. ಪ್ರತಿ ಅತಿಥಿಯ ವಿವರವನ್ನೂ, ಆತ ಇಟಲಿಯವನೇ ಆಗಿದ್ದರೂ, 24 ಗಂಟೆಯೊಳಗೆ ಪೊಲೀಸರ ‘ಅಲ್ಲೊಜ್ಜಾತಿ ವೆಬ್’ ಜಾಲತಾಣಕ್ಕೆ ಕಳುಹಿಸಬೇಕು. ಕೀಲಿಯನ್ನು ಸಂಕೇತದ ಡಬ್ಬಿಯಲ್ಲಿಟ್ಟು ಅತಿಥಿಯ ಮುಖವನ್ನೇ ನೋಡದೆ ಒಳಗೆ ಬಿಡುವ ಪದ್ಧತಿಯನ್ನು ಅಲ್ಲಿನ ಒಳಾಡಳಿತ ಸಚಿವಾಲಯ 2024ರ ನವೆಂಬರಿನ ಸುತ್ತೋಲೆಯಲ್ಲಿ ತಳ್ಳಿಹಾಕಿತು. ಕೆಳ ಹಂತದ ಆಡಳಿತ ನ್ಯಾಯಾಲಯ ಆ ಸುತ್ತೋಲೆಯನ್ನು 2025ರಲ್ಲಿ ರದ್ದುಮಾಡಿದರೂ ಅದೇ ವರ್ಷದ ಕೊನೆಯಲ್ಲಿ ಮೇಲ್ಮನವಿಯ ತೀರ್ಪು ಸಚಿವಾಲಯದ ಪರವಾಗಿ ಬಂದಿತು. ನೀವು ಕಾರ್ಕಳದಲ್ಲಿರುವ ಎರಡು ತಿಂಗಳೂ ಬಂದವರ ಪಾಸ್‌ಪೋರ್ಟನ್ನೂ ಮುಖವನ್ನೂ ಹೊಂದಿಸಿ ನೋಡುವ ಒಬ್ಬರು ಟೊರಿನೊದಲ್ಲಿ ಇರುವುದೇ ಕ್ಷೇಮ. ಅಂಥವರು ಸಿಕ್ಕ ಮೇಲೆ, ನಿಮ್ಮ ಕಟ್ಟಡದ ಕಾಂಡೊಮಿನಿಯಂ ನಿಯಮಾವಳಿಯಲ್ಲಿ ಪ್ರವಾಸಿ ಬಾಡಿಗೆಗೆ ನಿಷೇಧವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಉಪಕರಣಗಳನ್ನು ಕೊಳ್ಳುವುದು, ಅರ್ಜಿ ತುಂಬುವುದು ಅದರ ನಂತರದ ಕೆಲಸ.