ಕೀ ಕೊಟ್ಟವಳು ನೀನೇ, ಕೇಸೂ ನಿನ್ನ ಮೇಲೇ ಇರಲಿ ಅಂತಾರೆ

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ, ತವರು ಹಾಸನ ಜಿಲ್ಲೆಯ ಒಂದು ಹಳ್ಳಿ. ಮೊನ್ನೆ ಚಿಕ್ಕಪ್ಪನ ಮಗಳ ಬೀಗರೂಟಕ್ಕೆ ಹೋಗಿದ್ದೆವು. ಊಟ ಮುಗಿಯುವ ಹೊತ್ತಿಗೆ ತಮ್ಮ ಗೆಳೆಯರ ಜೊತೆ ಶಾಮಿಯಾನದ ಹಿಂದೆ ಹೋಗಿ ಕುಡಿದು ಬಂದ. ಕಾರಿನ ಕೀ ನನ್ನ ಬ್ಯಾಗಿನಲ್ಲಿತ್ತು. "ಅಕ್ಕಾ, ಸ್ಟಡಿಯಾಗೇ ಇದೀನಿ, ಕೊಡು" ಅಂದ. ಬಾಯಿಂದ ವಾಸನೆ ಬರುತ್ತಿತ್ತು. ಬೀಗರ ಎದುರಿಗೆ ಜಗಳ ಬೇಡ ಅಂತ ಕೊಟ್ಟೆ, ಪಕ್ಕದ ಸೀಟಿನಲ್ಲೇ ಕೂತೆ. ಊರು ಇನ್ನೂ ಮೂರು ಕಿಲೋಮೀಟರ್ ಇರುವಾಗ, ಡೈರಿಗೆ ಹಾಲು ಹಾಕಲು ಹೊರಟಿದ್ದ ಒಬ್ಬರ ಟಿವಿಎಸ್‌ಗೆ ಹಿಂದಿನಿಂದ ಗುದ್ದಿದ. ಹಾಲಿನ ಕ್ಯಾನು ರಸ್ತೆ ಮೇಲೆ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. 108ಕ್ಕೆ ಫೋನ್ ಮಾಡಿದ್ದು ನಾನೇ. ಪೊಲೀಸರು ಬರುವಷ್ಟರಲ್ಲಿ ಹಿಂದಿನ ಗಾಡಿಯಲ್ಲಿದ್ದ ಸೋದರಮಾವ ತಮ್ಮನನ್ನು ಹತ್ತಿಸಿಕೊಂಡು ಹೊರಟೇಬಿಟ್ಟರು. ಪೆಟ್ಟಾದವರಿಗೆ ತೊಡೆಯ ಮೂಳೆ ಮುರಿದು ರಾಡ್ ಹಾಕಿದ್ದಾರೆ.

ತಮ್ಮನಿಗೆ ಸರ್ಕಾರಿ ಕೆಲಸದ ಆರ್ಡರ್ ಬರುವುದಿದೆ, ಪೊಲೀಸ್ ವೆರಿಫಿಕೇಶನ್ ಬಾಕಿ ಇದೆ. ಎರಡು ವರ್ಷದ ಹಿಂದೆ ಒಮ್ಮೆ ಊದಿಸಿ ಹಿಡಿದಿದ್ದರು, ಅಪ್ಪ ಕೋರ್ಟಿನಲ್ಲಿ ದಂಡ ಕಟ್ಟಿ ಗಾಡಿ ಬಿಡಿಸಿ ತಂದಿದ್ದರು. ಈಗ ಅಪ್ಪ, "ನೀನೇ ಓಡಿಸ್ತಿದ್ದೆ ಅಂತ ಹೇಳು. ನೀನು ಕುಡಿಯೋಳಲ್ಲ, ಡಿಎಲ್ ಇದೆ, ಸಾದಾ ಆಕ್ಸಿಡೆಂಟ್ ಕೇಸಾಗುತ್ತೆ. ಮದುವೆಯಾಗಿ ಹೋದವಳು, ನಿನಗೇನು ತೊಂದರೆ? ಕೀ ಕೊಟ್ಟೋಳೂ ನೀನೇ ಅಲ್ವಾ?" ಅನ್ನುತ್ತಾರೆ. ತಮ್ಮ ಊಟ ಬಿಟ್ಟಿದ್ದಾನೆ, ಕೇಸಾದರೆ ಬದುಕಲ್ಲ ಅನ್ನುತ್ತಾನೆ. ಗಂಡ, "ನಿನ್ನ ತವರಿನ ವಿಷಯ, ನಿನ್ನಿಷ್ಟ" ಅಂತ ಸುಮ್ಮನಾಗಿದ್ದಾರೆ. ಸೋಮವಾರ ಸ್ಟೇಷನ್ನಿಗೆ ಹೋಗಬೇಕು. ಕೀ ಕೊಟ್ಟ ತಪ್ಪು ನನ್ನದೂ ಹೌದಲ್ಲವೇ? ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಹೇಳಬೇಡಿ. ಸೋಮವಾರ ಹತ್ತಿರವಿದ್ದುದರಿಂದ ಈ ಒಂದು ಮಾತನ್ನು ನಿಮಗೆ ಅಂದೇ ಇಮೇಲಿನಲ್ಲಿ ತಿಳಿಸಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀಗರೂಟ, ಆರತಕ್ಷತೆ, ಹಬ್ಬದ ಮಾರನೇ ದಿನ ಅಂದರೆ ಎಷ್ಟು ಮನೆಗಳಲ್ಲಿ ಹೆಂಗಸರ ಬ್ಯಾಗಿನಲ್ಲಿ ಇಂಥ ಕೀ ಇರುತ್ತದೋ ನನಗೆ ಚೆನ್ನಾಗಿ ಗೊತ್ತು.

ಮೊದಲು ತಮ್ಮನ "ಬದುಕಲ್ಲ" ಅನ್ನುವ ಮಾತು. ಅದನ್ನು ನಾಟಕ ಅಂತ ತಳ್ಳಿಹಾಕಬೇಡಿ, ಹಾಗಂತ ಅದಕ್ಕೆ ಹೆದರಿ ಸುಳ್ಳಿಗೂ ಒಪ್ಪಬೇಡಿ. ಅವನನ್ನು ಒಬ್ಬನೇ ಬಿಡಬೇಡಿ ಅಂತ ಅಮ್ಮನಿಗೆ ಹೇಳಿ. ಹೊಲಕ್ಕೆ ಹೊಡೆಯುವ ಔಷಧಿ ಇಟ್ಟ ಕೋಣೆಗೆ ಬೀಗ ಬೀಳಲಿ, ಕೀಲಿ ಅಮ್ಮನ ಹತ್ತಿರವೇ ಇರಲಿ. ಟೆಲಿಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಅವನು ಮಾಡದಿದ್ದರೆ ನೀವು ಮಾಡಿ. "ನಿನ್ನನ್ನ ಬಿಟ್ಟುಹಾಕಲ್ಲ ಕಣೋ, ಆದ್ರೆ ನಿನ್ನ ಬದಲು ಕೂರಲ್ಲ" ಅಂತ ಅವನ ಮುಖ ನೋಡಿ ನೀವೇ ಹೇಳಿ. ಈ ಮಾತು ಅಪ್ಪನ ಬಾಯಿಂದ ಅವನಿಗೆ ಮುಟ್ಟಿದರೆ ಅರ್ಥವೇ ಬೇರೆಯಾಗುತ್ತದೆ.

ಇನ್ನು ಅಪ್ಪನ ಲೆಕ್ಕ. "ಸಾದಾ ಆಕ್ಸಿಡೆಂಟ್ ಕೇಸು" ಅನ್ನುವುದು ನಮ್ಮ ಕಡೆ ಬಲು ಸಲೀಸಾಗಿ ಬಾಯಿಗೆ ಬರುತ್ತದೆ. ಅಜಾಗರೂಕತೆಯಿಂದ ಗಾಡಿ ಓಡಿಸಿ ಇನ್ನೊಬ್ಬರ ಮೂಳೆ ಮುರಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂರು ವರ್ಷದವರೆಗೆ ಸಜೆ ಇದೆ. ದೇವರು ದೊಡ್ಡವನು, ಆ ಮನುಷ್ಯ ಉಳಿದ. ಅವರಿಗೇನಾದರೂ ಆಗಿದ್ದರೆ ಐದು ವರ್ಷದವರೆಗೆ, ಕುಡಿದಿದ್ದು ಸಾಬೀತಾದರೆ ಇನ್ನೂ ಭಾರಿ ಕಲಂ. ಆ ಕೇಸನ್ನು ಅಪ್ಪ ನಿಮ್ಮ ಮಡಿಲಿಗೆ ಹಾಕುತ್ತಿದ್ದಾರೆ. ಅದರ ಮೇಲೆ, ತಪ್ಪಿತಸ್ಥನನ್ನು ಉಳಿಸಲು ಸುಳ್ಳು ಮಾಹಿತಿ ಕೊಡುವುದು ಅದೇ ಸಂಹಿತೆಯ 238ನೇ ಕಲಮಿನಡಿ ಬೇರೆಯದೇ ಅಪರಾಧ. ಅಪ್ಪನೂ ತಪ್ಪಿಸಿಕೊಳ್ಳುವಂತಿಲ್ಲ. ಕಾರು ಅವರ ಹೆಸರಿನಲ್ಲಿದ್ದರೆ, ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದಾಗ ಹೇಳುವುದು ಮಾಲೀಕನ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಮಾವ ತಮ್ಮನನ್ನು ಹತ್ತಿಸಿಕೊಂಡು ಹೋದದ್ದೂ ಲೆಕ್ಕಕ್ಕೆ ಬರುತ್ತದೆ.

ದೆಹಲಿಯ ಲೋಧಿ ಕಾಲೊನಿಯಲ್ಲಿ 1999ರ ಜನವರಿಯಲ್ಲಿ ಒಂದು ಬಿಎಂಡಬ್ಲ್ಯು ಕಾರು ಆರು ಜನರನ್ನು ಬಲಿ ತೆಗೆದುಕೊಂಡ ಪ್ರಕರಣ ಕೇಳಿರಬಹುದು. ಅದರಲ್ಲಿ ಸತ್ತವರಲ್ಲಿ ಮೂವರು ಪೊಲೀಸರೇ. ಓಡಿಸಿದವನಿಗೆ ಶಿಕ್ಷೆಯಾದದ್ದು ಎಲ್ಲರಿಗೂ ನೆನಪಿದೆ. ಗೆಳೆಯನ ಮನೆಯ ಅಂಗಳದಲ್ಲಿ ಆ ಕಾರನ್ನು ತೊಳೆದು ಸಾಕ್ಷಿ ಅಳಿಸಿದವರಿಗೂ ಜೈಲು ಶಿಕ್ಷೆಯಾಯಿತು, ಅವರಲ್ಲಿ ಮನೆಯ ಕೆಲಸದವರೂ ಇದ್ದರು. ಅದು ಯಾರಿಗೂ ನೆನಪಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಬರುವ ಹೊತ್ತಿಗೆ 2012. ಹದಿಮೂರು ವರ್ಷ! ಸೋಮವಾರ ನೀವು ಹೇಳಿದ ಒಂದು ಸಾಲನ್ನು ಅಷ್ಟು ವರ್ಷ, ಬೇರೆ ಬೇರೆ ವಕೀಲರ ಮುಂದೆ, ಒಂದು ಅಕ್ಷರ ಹೆಚ್ಚುಕಡಿಮೆ ಆಗದ ಹಾಗೆ ಹೇಳುತ್ತಲೇ ಇರಬೇಕು. ಯಾವ ಸೀಟಿನಿಂದ ಯಾರು ಇಳಿದರು ಅಂತ ನೋಡಿದವರು ಆ ರಸ್ತೆಯಲ್ಲಿ ಒಬ್ಬರೂ ಇರಲಿಲ್ಲವೇ? ಗುದ್ದಿಸಿಕೊಂಡವರು ಕಣ್ಣು ಮುಚ್ಚಿಕೊಂಡಿದ್ದರೇ?

ಅಪ್ಪನಿಗೆ ಹೊಳೆಯದೇ ಇರುವುದು ಇನ್ನೊಂದಿದೆ. ಪೆಟ್ಟಾದವರಿಗೆ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಸಿಗಬೇಕು. ಚಾಲಕ ಕುಡಿದಿದ್ದ ಎಂದಾದರೆ ನಿಮ್ಮ ಕಾರಿನ ರಿಪೇರಿಗೆ ಕಂಪನಿ ಕಾಸು ಕೊಡುವುದಿಲ್ಲ, ಅದು ಹೋಗಲಿ ಬಿಡಿ. ಆದರೆ ಪೆಟ್ಟಾದವರಿಗೆ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅಂತ ವಿಮಾ ಕಂಪನಿಗೆ ನ್ಯಾಯಮಂಡಳಿಗಳು ಎಷ್ಟೋ ಸಲ ಆದೇಶ ಕೊಟ್ಟಿವೆ. ಇದರಲ್ಲಿ ಚಾಲಕರ ಹೆಸರೇ ಸುಳ್ಳು ಅಂತ ನಡುವೆ ಬಯಲಾದರೆ, ಕಂಪನಿ ಮೋಸದ ಕೇಸು ಅಂತ ತಗಾದೆ ತೆಗೆಯುತ್ತದೆ. ರಾಡ್ ಹಾಕಿಸಿಕೊಂಡು ಮಲಗಿರುವವರ ದುಡ್ಡು ನಿಲ್ಲುತ್ತದೆ. ನಿಮ್ಮ ಮನೆಯ ಸುಳ್ಳಿನ ಖರ್ಚು ಕೊನೆಗೆ ಅವರ ತಲೆಯ ಮೇಲೆ.

"ಸ್ಟಡಿಯಾಗೇ ಇದೀನಿ" ಅಂದನಲ್ಲ, ಆ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿರುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಬಾಟಲಿ ಮೇಲೆ ಶೇಕಡ 42.8 ಅಂತ ಬರೆದಿರುತ್ತದೆ. ಒಂದು ನೈಂಟಿಯಲ್ಲಿ, ಅಂದರೆ 90 ಮಿಲಿಯಲ್ಲಿ, ಸುಮಾರು 30 ಗ್ರಾಂ ಆಲ್ಕೋಹಾಲ್. ಎಪ್ಪತ್ತು ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು ಅಂದಾಜು 100 ಮಿಲಿಗೆ 60 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30. ಅಂದರೆ ಒಂದೇ ನೈಂಟಿಗೆ ದುಪ್ಪಟ್ಟು, ಕ್ವಾರ್ಟರ್ (180 ಮಿಲಿ) ಮುಗಿಸಿದರೆ ನಾಲ್ಕು ಪಟ್ಟು. "ಬರೀ ಬಿಯರು" ಅನ್ನುವವರಿಗೂ ಹೇಳಿಬಿಡುತ್ತೇನೆ: ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರು ಒಂದು ನೈಂಟಿಗಿಂತ ಜಾಸ್ತಿ. ಅದನ್ನು ಕರಗಿಸುವುದು ಪಿತ್ತಜನಕಾಂಗ, ರಕ್ತದ ಅದೇ ಅಳತೆಯಲ್ಲಿ ಗಂಟೆಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ತನ್ನ ಪಾಡಿಗೆ ತಾನು. ನಿಂಬೆಹಣ್ಣು ಚೀಪಿದರೂ, ಮಜ್ಜಿಗೆ ಕುಡಿದರೂ, ತಲೆಗೆ ತಣ್ಣೀರು ಸುರಿದುಕೊಂಡರೂ ಅದಕ್ಕೆ ಅವಸರವಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ ಐದಕ್ಕೆ ಧರ್ಮಸ್ಥಳಕ್ಕೆ ಅಂತ ಕಾರು ತೆಗೆದರೆ, ಮೈ ತೊಳೆದಿರುತ್ತಾನೆ, ರಕ್ತ ತೊಳೆದಿರುವುದಿಲ್ಲ.

ಹಾಗಾದರೆ ಸ್ಟಡಿಯಾಗಿ ಕಾಣುತ್ತಾನಲ್ಲ? ದಿನಾ ಕುಡಿಯುವವನ ಕಾಲು ತಡವರಿಸುವುದಿಲ್ಲ, ಮಾತು ತೊದಲುವುದಿಲ್ಲ, ಅದು ಮೈಗೆ ಆದ ಅಭ್ಯಾಸ. ಎದುರಿಗೆ ದಿಢೀರನೆ ಬರುವ ಟಿವಿಎಸ್ ಅಭ್ಯಾಸದ ವಿಷಯವಲ್ಲ. ಅರವತ್ತರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಹೋಗುತ್ತದೆ. ಬ್ರೇಕಿಗೆ ಕಾಲು ಹೋಗುವುದು ಅರ್ಧ ಸೆಕೆಂಡು ತಡವಾದರೂ ಎರಡು ಕಾರಿನಷ್ಟು ಉದ್ದ ಮುಂದೆ ಹೋಗಿ ಆಗಿರುತ್ತದೆ. ಸಂಜೆ ಐದೂವರೆ, ಹಾಲು ಹಾಕುವ ಹೊತ್ತು, ಸೂರ್ಯ ಕಣ್ಣಿಗೇ ಹೊಡೆಯುತ್ತಿರುತ್ತಾನೆ, ಅಕ್ಕಪಕ್ಕದ ನೋಟ ಕುಡಿತದಿಂದ ಆಗಲೇ ಮಸುಕಾಗಿರುತ್ತದೆ. ಮೊದಲು ಹೋಗುವುದಂತೂ ವಿವೇಚನೆ. ನಾನು ಓಡಿಸಬಲ್ಲೆನೋ ಇಲ್ಲವೋ ಅಂತ ತೀರ್ಮಾನಿಸಬೇಕಾದ ಜಾಗವೇ ಮೊದಲು ಮಂಕಾಗಿರುವಾಗ ಅವನನ್ನೇ ಕೇಳಿ ಏನು ಪ್ರಯೋಜನ?

ಈಗ ನಿಮ್ಮ ನಿಜವಾದ ಪ್ರಶ್ನೆ. ಕೀ ಕೊಟ್ಟದ್ದು ತಪ್ಪೇ? ಹೌದು. ನಿಮ್ಮ ಮನಸ್ಸಿಗೆ ಹಿತವಾಗಲಿ ಅಂತ ಇಲ್ಲ ಅನ್ನಲಾರೆ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಅಂತ ಮೋಟಾರು ವಾಹನ ಕಾಯ್ದೆಯ 188ನೇ ಕಲಂ ಹೇಳುತ್ತದೆ. ಅದು ನಿಮಗೆ ಅನ್ವಯಿಸುತ್ತದೋ ಇಲ್ಲವೋ ವಕೀಲರು ಹೇಳಬೇಕು. ಆದರೆ ಕೀ ಕೊಟ್ಟ ತಪ್ಪು ನಿಮ್ಮದು, ಸ್ಟೇರಿಂಗ್ ಹಿಡಿದ ತಪ್ಪು ಅವನದು. ನಿಮ್ಮ ಸಾಲ ತೀರಿಸಲು ಅವನ ಸಾಲದ ಪತ್ರಕ್ಕೆ ಸಹಿ ಹಾಕಿದರೆ ನಿಮ್ಮದು ಹಾಗೇ ಉಳಿಯುತ್ತದೆ. ಅಪ್ಪ ಇದನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಕಲಸಿಬಿಟ್ಟಿದ್ದಾರೆ. ಸ್ಟೇಷನ್ನಿನಲ್ಲಿ "ನಾನು ಕೀ ಕೊಟ್ಟೆ, ಪಕ್ಕದಲ್ಲಿ ಕೂತಿದ್ದೆ, ಓಡಿಸಿದ್ದು ತಮ್ಮ" ಅಂತ ಹೇಳಿದರೆ ನಿಮ್ಮ ಪಾಲಿನದನ್ನು ಹೇಳಿದ ಹಾಗಾಯಿತು, ಅಷ್ಟೇ ನಿಮ್ಮದು.

ನಾನೂ ಒಮ್ಮೆ ಇಂಥ ಕಾರಿನ ಹಿಂದಿನ ಸೀಟಿನಲ್ಲಿ ಚನ್ನರಾಯಪಟ್ಟಣದಿಂದ ಬಾಯಿ ಮುಚ್ಚಿಕೊಂಡು ಬಂದಿದ್ದೇನೆ. ಓಡಿಸುತ್ತಿದ್ದವರು ವಯಸ್ಸಿನಲ್ಲಿ ದೊಡ್ಡವರು, ಹೇಳಿದರೆ ಅವರಿಗೆ ಅವಮಾನ ಅಂತ ಸುಮ್ಮನಿದ್ದೆ. ನೆಲಮಂಗಲ ದಾಟುವವರೆಗೆ ಬಾಗಿಲ ಮೇಲಿನ ಹಿಡಿಕೆ ಬಿಟ್ಟಿರಲಿಲ್ಲ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಉತ್ತರ ಬರೆಯುವ ಕುರ್ಚಿಯಲ್ಲಿದ್ದೇನೆ, ನೀವು ಪ್ರಶ್ನೆ ಕೇಳುವ ಕಡೆ ಇದ್ದೀರಿ.

ಸೋಮವಾರಕ್ಕೆ ಮೊದಲು ನಿಮ್ಮದೇ ವಕೀಲರನ್ನು ಹಿಡಿಯಿರಿ. ಅಪ್ಪ ಗೊತ್ತುಮಾಡಿದ ವಕೀಲರು ಬೇಡ, ಅವರು ತಮ್ಮನ ಪರ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ, ಸಹಾಯವಾಣಿ 15100. ಅವರ ಜೊತೆ ಮಾತಾಡುವವರೆಗೆ ಬಿಳಿ ಹಾಳೆಗೆ ಸಹಿ ಹಾಕಬೇಡಿ, ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ. ಗಂಡನಿಗೂ ಒಂದು ಮಾತು ಹೇಳಿ: ಇದು ತವರಿನ ವಿಷಯ ಅಲ್ಲ, ನಿಮ್ಮ ಹೆಂಡತಿಯ ಹೆಸರಿನಲ್ಲಿ ಎಫ್ಐಆರ್ ಆಗುವ ವಿಷಯ. ಸ್ಟೇಷನ್ನಿಗೆ ಜೊತೆಗೆ ಬರಲಿ.

ತಮ್ಮನ ಕೆಲಸ? ಹೋಗಬಹುದು, ಉಳಿಯಲೂಬಹುದು, ನಾನು ಭರವಸೆ ಕೊಡುವ ಸ್ಥಾನದಲ್ಲಿಲ್ಲ. ತಾನಾಗಿ ವಕೀಲರ ಜೊತೆ ಹೋಗಿ ಠಾಣೆಯಲ್ಲಿ ಕೂತವನಿಗೂ, ಅಕ್ಕನ ಸೆರಗಿನ ಹಿಂದೆ ಸಿಕ್ಕಿಬಿದ್ದವನಿಗೂ ಕೋರ್ಟಿನಲ್ಲಿ ವ್ಯತ್ಯಾಸ ಇರುತ್ತದೆ ಅಂತ ಮಾತ್ರ ಹೇಳಬಲ್ಲೆ. ಹಿಂದೆ ಊದಿಸಿ ಹಿಡಿದಾಗ ಅಪ್ಪ ದಂಡ ಕಟ್ಟಿ ಗಾಡಿ ತಂದರು ಅಂತ ಬರೆದಿದ್ದೀರಿ. ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಡಿಎಲ್ ಇಟ್ಟುಕೊಳ್ಳದಂತೆ ಅನರ್ಹಗೊಳಿಸಬೇಕು ಅಂತ ಕಾಯ್ದೆಯಲ್ಲಿದೆ. ಆ ಆರು ತಿಂಗಳು ನಿಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ? ಮೊದಲ ಸಲಕ್ಕೆ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಎರಡನೇ ಸಲಕ್ಕೆ ಹದಿನೈದು ಸಾವಿರ ದಂಡ ಅಥವಾ ಎರಡು ವರ್ಷದವರೆಗೆ ಸಜೆ ಅಂತ ಇದೆ. ಕೋರ್ಟು ಎರಡನ್ನೂ ವಿಧಿಸಬಹುದು. ಅಪ್ಪ ಹೆದರುತ್ತಿರುವುದು ಇದಕ್ಕೇ ಇರಬೇಕು.

ಅವನು ಎಷ್ಟು ಕುಡಿಯುತ್ತಾನೆ ಅಂತ ನೀವು ಬರೆದಿಲ್ಲ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ, ಕುಡಿದ ಮೇಲೆ ನಿಲ್ಲುತ್ತದೆಯೇ, ಅಮ್ಮನನ್ನು ಕೇಳಿ. ಹಾಗಿದ್ದರೆ "ಇವತ್ತಿಂದ ಬಿಟ್ಟೆ" ಅಂತ ದೇವರ ಮುಂದೆ ಆಣೆ ಮಾಡಿಸಬೇಡಿ. ಕುಡಿತಕ್ಕೆ ಒಗ್ಗಿದ ಮೈಗೆ ಅದು ದಿಢೀರನೆ ನಿಂತರೆ ಮೂರ್ಛೆ ಬರುವುದುಂಟು, ಜೀವಕ್ಕೂ ಅಪಾಯ. ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ದೂರವಾದರೆ ಜಿಲ್ಲಾಸ್ಪತ್ರೆಯ ಮಾನಸಿಕ ವೈದ್ಯರನ್ನು ಕಾಣಿ.

ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗಬೇಕು ಅನ್ನಿಸುತ್ತಿದೆ ಅಂತಲೂ ಪತ್ರದ ಕೊನೆಗೆ ಬರೆದು ಹೊಡೆದುಹಾಕಿದ್ದೀರಿ, ಅಕ್ಷರ ಕಾಣುತ್ತಿತ್ತು. ಹೇಳಿಕೆ ಕೊಡುವ ಮೊದಲು ಬೇಡ, ಸಾಕ್ಷಿಗೆ ಒತ್ತಡ ಹಾಕಲು ಬಂದರು ಅನ್ನಿಸಿಕೊಳ್ಳುತ್ತೀರಿ. ಹೇಳಿಕೆ ಕೊಟ್ಟ ಮೇಲೆ, ವಕೀಲರನ್ನು ಕೇಳಿಕೊಂಡು ಹೋಗಿ. ಅಪ್ಪ ರಾಜಿಗೆ ಅಂತ ಕವರು ಕೊಟ್ಟು ಕಳಿಸಿದರೆ ಅದನ್ನು ಒಯ್ಯಬೇಡಿ. ತೊಡೆಗೆ ರಾಡ್ ಹಾಕಿಸಿಕೊಂಡವರು ಬಹಳ ದಿನ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂರಲಾರರು. ಅವರ ಮನೆಯಲ್ಲಿ ಈಗ ಹಾಲು ಯಾರು ಕರೆಯುತ್ತಿದ್ದಾರೆ, ಡೈರಿಗೆ ಯಾರು ಹಾಕುತ್ತಿದ್ದಾರೆ, ಕೇಳಿಕೊಂಡು ಬನ್ನಿ.