ತಮ್ಮನಿಗೆ ಮೊದಲು ಹೇಳಿ

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ. ಅಪ್ಪನಿಗೆ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ, ಅಂದರೆ ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ. ಡಯಾಲಿಸಿಸ್ ನಡೆದಿದೆ. ಈಗ ಇವರ ಸ್ಕ್ಯಾನಿಂಗ್‌ನಲ್ಲೂ ಎರಡೂ ಕಿಡ್ನಿ ತುಂಬ ನೀರುಗುಳ್ಳೆ. 'ನನಗೇನೂ ತೊಂದರೆ ಇಲ್ಲ, ಆಗಾಗ ಸೊಂಟ ನೋವು ಅಷ್ಟೆ. ತಮ್ಮನಿಗೆ 26, ಹೆಣ್ಣು ನೋಡುತ್ತಿದ್ದೇವೆ. ಯಾರಿಗೂ ಹೇಳಬೇಡ ಅನ್ನುತ್ತಾರೆ ಅಮ್ಮ. ಅವನೋ, ಅಪ್ಪನಿಗೆ ನಾನೇ ಕಿಡ್ನಿ ಕೊಡ್ತೀನಿ ಅಂತಿದ್ದಾನೆ. ಏನು ಮಾಡಲಿ?'

ಸೋದರಿ,

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನಿಗೆ ಬಂತು, ಇನ್ನು ತಮ್ಮ ಪಾರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಿಡ್ನಿ ಕೊಡಲು ಹೊರಟರೆ ಅವನ ಪರೀಕ್ಷೆ ಆಗೇ ಆಗುತ್ತದೆ. ಆ ವಯಸ್ಸಿಗೆ ಸಾದಾ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಾಣಲಿಲ್ಲ ಅಂದರೂ ಸಾಲದು. ಎಂಆರ್‌ಐ, ಕೆಲವೊಮ್ಮೆ ಜೀನ್ ಪರೀಕ್ಷೆಯೂ ಬೇಕು. ಆಸ್ಪತ್ರೆ ಬೆಂಚಿನ ಮೇಲೆ ಕೂತು ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಮೇಲು, ಅಲ್ವಾ?

'ಏನೂ ತೊಂದರೆ ಇಲ್ಲ' ಅಂದಿದ್ದೀರಿ. ಬಿಪಿ ನೋಡಿಸಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಸರಿಯಾಗಿರುವಾಗಲೇ ಬಿಪಿ ಏರುವುದು ಈ ಕಾಯಿಲೆಯ ಜಾಯಮಾನ. ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೂ ಇದೇ ಇತ್ತು. ಬಿಪಿ ಮೆಷಿನ್ ಅವರ ಮೇಜಿನ ಡ್ರಾದಲ್ಲೇ ಇರುತ್ತಿತ್ತು. ತೋಳಿಗೆ ಪಟ್ಟಿ ಸುತ್ತಿ, ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದಂತೆ ಬರೆಯುತ್ತಿದ್ದರು. ಉಪ್ಪು ಕಡಿಮೆ ಮಾಡಿದ್ದರು. ಊಟಕ್ಕೆ ಕೂತಾಗ ನನ್ನ ಉಪ್ಪಿನಕಾಯಿ ಡಬ್ಬಿ ಇಸಿದುಕೊಂಡು, ಸುಮ್ನೆ ಮೂಸಿ ವಾಪಸ್ ಕೊಡುತ್ತಿದ್ದರು!

ಸೊಂಟ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಅದು ಗುಳ್ಳೆ ದೊಡ್ಡದಾಗಿ ಬರುವ ನೋವಾಗಿರಬಹುದು, ಆ ಮಾತ್ರೆಗಳು ಕಿಡ್ನಿಗೇ ಪೆಟ್ಟು ಕೊಡುತ್ತವೆ. ಮೂತ್ರ ಕೆಂಪಗಾದರೆ, ಜ್ವರದ ಜೊತೆ ಪಕ್ಕೆ ನೋವು ಬಂದರೆ ಡಾಕ್ಟರಿಗೆ ತೋರಿಸಿ. ಎಂದೂ ಕಾಣದಂಥ ತಲೆನೋವು ದಿಢೀರನೆ ಬಂದರೆ ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ಈ ಕಾಯಿಲೆಯವರಲ್ಲಿ ಕೆಲವರಿಗೆ ಮೆದುಳಿನ ರಕ್ತನಾಳ ಉಬ್ಬಿರುತ್ತದೆ, ಅದು ಒಡೆದಿರಬಹುದು. ಗುಳ್ಳೆ ಬೆಳೆಯುವ ವೇಗ ತಗ್ಗಿಸುವ ಟಾಲ್ವಾಪ್ಟಾನ್ ಅನ್ನುವ ಮಾತ್ರೆಯೂ ಇದೆ. ಎಲ್ಲರಿಗೂ ಹೊಂದುವುದಿಲ್ಲ, ಆಗಾಗ ಲಿವರ್ ಪರೀಕ್ಷೆ ಬೇಕು. ಕಿಡ್ನಿ ಡಾಕ್ಟರನ್ನೇ ಕೇಳಿ.

ಅಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ಹೆಣ್ಣಿನ ಕಡೆಯವರಿಗೆ ಹೇಳಬೇಕಾದವನು ತಮ್ಮ. ಅವನಿಗೇ ಗೊತ್ತಿಲ್ಲದಿದ್ದರೆ ಏನು ಹೇಳಿಯಾನು? ಈ ಭಾನುವಾರ ಅವನನ್ನು ಕೂರಿಸಿಕೊಂಡು ನಿಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಮುಂದಿಡಿ. ಅಮ್ಮನೂ ಅಲ್ಲೇ ಇರಲಿ.

— ಸಂ.