ತಡೆದವರು ಯಾರು, ಕಾದವರು ಯಾರು?

ಮಾನ್ಯರೇ,

ಕೋಲಾರ ತಾಲ್ಲೂಕಿನ ಎರಡು ಊರುಗಳ ಕೆರೆ ನೀರಿನ ಜಗಳವನ್ನು ಕುರಿತ ನಿಮ್ಮ ಕಥೆಯನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡಲೂ ಮನಸ್ಸಿಲ್ಲ, ಏಕೆಂದರೆ ಮೇಲಿನ ಊರಿನವರು ರಾತ್ರೋರಾತ್ರಿ ಕೋಡಿಗೆ ಮರಳಿನ ಮೂಟೆ ಪೇರಿಸುವ ಪ್ರಸಂಗವನ್ನು ಕೆರೆಯ ಬದುಕು ಬಲ್ಲವರಷ್ಟೇ ಹಾಗೆ ಬರೆಯಬಲ್ಲರು.

ತೊಡಕಿರುವುದು ಜಗಳವನ್ನು ನೀವು ಹೆಸರಿಸುವ ಬಗೆಯಲ್ಲಿ. ಮೊದಲ ಪುಟದಲ್ಲೇ ಊರುಗಳೆರಡೂ ‘ಅಟ್ ಲಾಗರ್‌ಹೆಡ್ಸ್’ (ಪರಸ್ಪರ ವಿರುದ್ಧ) ಆಗಿವೆ, ನಡುವೆ ‘ಟಗ್ ಆಫ್ ವಾರ್’ ನಡೆದಿದೆ, ಪಂಚಾಯ್ತಿ ಸಭೆಯಲ್ಲಿ ಮುಖಂಡರು ‘ಲಾಕ್ ಹಾರ್ನ್ಸ್’ (ಕೊಂಬಿಗೆ ಕೊಂಬು ಕೊಟ್ಟು ಕಾದಾಟ) ಮಾಡಿದ್ದಾರೆ, ಕೊನೆಗೆ ‘ಕೋಲ್ಡ್ ವಾರ್’ ಉಳಿದಿದೆ. ಇಂಗ್ಲಿಷ್ ಬಂದಿತೆಂಬುದು ನನ್ನ ಆಕ್ಷೇಪವಲ್ಲ. ಈ ನುಡಿಗಟ್ಟುಗಳೆಲ್ಲ ಸರಿಸಮಾನರಾದ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತವೆ: ಕಾದಾಡುವ ಪ್ರಾಣಿಗಳೆರಡಕ್ಕೂ ಕೊಂಬುಂಟು, ಹಗ್ಗದ ಎರಡೂ ತುದಿಗಳಲ್ಲಿ ಕೈಗಳುಂಟು, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವುದರೊಂದಿಗೆ ಮುಗಿದ ಶೀತಲ ಸಮರದಲ್ಲಿ ಎರಡೂ ಬಣಗಳ ಬಳಿ ಅಣ್ವಸ್ತ್ರಗಳಿದ್ದವು. ಸರಣಿ ಕೆರೆಗಳಲ್ಲಿ ಆ ಸಮಾನತೆ ಇಲ್ಲ. ಮೇಲಿನ ಕೆರೆ ಕೋಡಿ ಹರಿದರಷ್ಟೇ ಕೆಳಗಿನದಕ್ಕೆ ನೀರು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು ಬೆಂಗಳೂರಿನಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯತೊಡಗಿತು. ನಿಮ್ಮ ಕಥೆಯ ಕಾಲವೂ ಅದೇ. ಆ ನೀರು ಅಂತರ್ಜಲ ತುಂಬಲು ಬಂದದ್ದಾದ್ದರಿಂದ, ಕೋಡಿ ಎತ್ತರಿಸಿದ ಊರಿನ ಕೊಳವೆಬಾವಿಗಳಲ್ಲಿ ನೀರೇರುತ್ತದೆ, ಕೆಳಗಿನವರು ಕಾಯುತ್ತಾ ಕೂರಬೇಕಾಗುತ್ತದೆ. ಒಮ್ಮೆ ತಡೆದ ಮೇಲೆ ಮೇಲಿನವರು ಸುಮ್ಮನಿದ್ದೇ ಗೆಲ್ಲುವ ಜಗಳವಿದು.

ಆದ್ದರಿಂದ ‘ಟಗ್ ಆಫ್ ವಾರ್’ ತೆಗೆದು ‘ಹಗ್ಗಜಗ್ಗಾಟ’ ಎಂದು ಬರೆದರೂ ಏನೂ ಸುಧಾರಿಸದು. ಯಾರು ತಡೆದರು, ಯಾರು ಕಾದರು ಎಂಬುದನ್ನು ವಾಕ್ಯವೇ ಹೇಳಬೇಕು. ಜಗಳ ಬೆಳೆದ ಬಗೆಯೂ ಕಾಣಬೇಕು. ಕೆಳಗಿನ ಊರಿನ ಹಿರಿಯರು ಬಂದು ಕೇಳಿದಾಗ ಅದಿನ್ನೂ ತಕರಾರು. ಜಾತ್ರೆಗೆ ಕರೆಯದೆ ಬಿಟ್ಟಾಗ ಮನಸ್ತಾಪ. ಮೂಟೆ ಕಿತ್ತೆಸೆದ ರಾತ್ರಿ ಕೈಕೈ ಮಿಲಾಯಿಸಿದ್ದಾರೆ. ತಹಶೀಲ್ದಾರರಿಗೆ ಅರ್ಜಿ ಹೋದ ಮೇಲೆ ವ್ಯಾಜ್ಯ. ಹೆಣ್ಣು ಕೊಟ್ಟು ತಂದ ಮನೆಗಳೇ ಮಾತು ಬಿಟ್ಟಾಗ ಹಗೆ. ಈ ಕೊನೆಯದು, ನನ್ನ ದೃಷ್ಟಿಯಲ್ಲಿ ಕಥೆಯ ಜೀವವೇ ಆಗಿರುವುದು, ‘ಕೋಲ್ಡ್ ವಾರ್’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿದೆ. ತವರಿನ ಊರು ಎದುರು ಬಣವಾದ ಆ ಸೊಸೆಗೆ ದಯವಿಟ್ಟು ಒಂದು ಪುಟವನ್ನಾದರೂ ಕೊಡಿ.

ವಕೀಲರ ಬಾಯಲ್ಲಿ ಬರುವ ‘ಸ್ಟೇ’, ‘ಕಾಂಪ್ರಮೈಸ್’ ಹಾಗೆಯೇ ಇರಲಿ. ಕೋರ್ಟಿನ ಆವರಣದಲ್ಲಿ ಕಕ್ಷಿದಾರರೂ ಆಡುವ ಮಾತುಗಳವು. ತಿದ್ದಿದ ಪ್ರತಿಯನ್ನು ತಪ್ಪದೆ ಕಳುಹಿಸಿ.

ಇಂತಿ,
ಸಂಪಾದಕ